ತಗ್ಗನ್ನರಸುವ ಆವಿ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಮೋಟಾರು ದೋಣಿಯ ಮಾತೆತ್ತಿದರೆ ಜನ ನಕ್ಕಾರು. ರಾಜ್ಯದಲ್ಲಿ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳ ಸಾಲಿಗೆ ಸೇರಿದವು ಇವು. ವೇದಾವತಿಯ ಪಾತ್ರದಲ್ಲಿ ವರ್ಷದ ಬಹುಕಾಲ ಕಣ್ಣಿಗೆ ಬೀಳುವುದು ಮರಳೇ. ಆದರೂ ದೋಣಿಯವರು ಕಷ್ಟಪಟ್ಟು ಕಲಿತ ಪಾಠವೊಂದು ಇಲ್ಲಿನ ನೇಕಾರನ ಮನೆಗೂ, ಅವನು ನೆಯ್ದ ಸೀರೆಯನ್ನುಡುವ ಪಟ್ಟಣದ ಮನೆಗೂ ಬೇಕಾದುದಾಗಿದೆ.

ಪೆಟ್ರೋಲು ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತದೆ. ಅಂದಮೇಲೆ ಚಳ್ಳಕೆರೆಯ ವೈಶಾಖದ ಮಧ್ಯಾಹ್ನದಲ್ಲಿ ಕೇಳುವುದೇನು! ಈ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹೊಗೆಯಂತೆ ಮೇಲೇರದೆ, ನೀರಿನಂತೆ ತಗ್ಗಿಗೆ ಹರಿದು ಅಲ್ಲಿಯೇ ನಿಲ್ಲುತ್ತದೆ. ದೋಣಿಯಲ್ಲಾದರೆ ತಳದ ಹಲಗೆಗಳ ಕೆಳಗೆ ಸೇರುತ್ತದೆ. ಗಾಳಿಯ ನೂರು ಭಾಗದಲ್ಲಿ ಒಂದೂವರೆ ಭಾಗ ಬೆರೆತರೂ ಸಾಕು, ಯಂತ್ರದ ಒಂದು ಕಿಡಿಗೆ ದೋಣಿಯೇ ಸಿಡಿದೀತು. ತೈಲ ತುಂಬಿದ ಬಳಿಕ ನಾಲ್ಕು ನಿಮಿಷವಾದರೂ ತಳದ ಗಾಳಿಯನ್ನು ಯಂತ್ರದಿಂದ ಹೊರದೂಡಿ, ಮೂಸಿ ನೋಡಿ, ಅನಂತರವೇ ಹೊರಡಬೇಕೆಂದು ಅಮೆರಿಕದ ಕರಾವಳಿ ರಕ್ಷಣಾ ದಳ ಹೇಳುವುದು ಇದಕ್ಕಾಗಿಯೇ. ಮೂಗಿಗಿಂತ ಅಗ್ಗದ ಉಪಕರಣವುಂಟೆ?

ಮೊಳಕಾಲ್ಮೂರಿನ ರೇಷ್ಮೆ ಸೀರೆ ಹುಟ್ಟುವುದು ಗುಂಡಿಮಗ್ಗದಲ್ಲಿ. ನೇಕಾರನು ಕಾಲು ಇಳಿಬಿಟ್ಟು ಕೂರುವ ಆ ಗುಂಡಿ ಮನೆಯ ನೆಲಕ್ಕಿಂತ ಕೆಳಗಿದೆ. ಆವಿಯ ದೃಷ್ಟಿಯಿಂದ ಅದಕ್ಕೂ ದೋಣಿಯ ತಳಕ್ಕೂ ಭೇದವಿಲ್ಲ. ರೇಷ್ಮೆಗೆ ಎಣ್ಣೆಯ ಕಲೆ ತಗುಲಿದರೆ ಪೆಟ್ರೋಲಿನಿಂದ ಉಜ್ಜಿ ತೆಗೆಯುವ ರೂಢಿ ನಾಡಿನಲ್ಲಿ ಹಳೆಯದು. ಬಟ್ಟಲಿನಿಂದೆದ್ದ ಆವಿ ಕಣ್ಣಿಗೆ ಕಾಣದೆ ಗುಂಡಿಯಲ್ಲಿ ತುಂಬಿಕೊಳ್ಳುತ್ತದೆ. ಗುಂಡಿಯಿಲ್ಲದ ಪಟ್ಟಣದ ಮನೆಯಲ್ಲಿ ನೆಲದುದ್ದಕ್ಕೂ ಹರಡುತ್ತದೆ. ಆ ನೆಲದ ಮೇಲೆಯೇ ಚಾಪೆಯಲ್ಲಿ ಮಗು ಮಲಗಿರುತ್ತದೆ.

‘ಒಲೆ ಆರಿಸಿದ್ದೇನಲ್ಲ’ ಎಂದು ಗೃಹಿಣಿ ನೆಮ್ಮದಿಯಿಂದಿರುವಂತಿಲ್ಲ. ಪೆಟ್ರೋಲಿನಲ್ಲಿ ರೇಷ್ಮೆಯನ್ನು ಉಜ್ಜಿದರೆ ಆ ಘರ್ಷಣೆಯಿಂದಲೇ ವಿದ್ಯುತ್ತು ಹುಟ್ಟುತ್ತದೆ. ತೇವದ ಗಾಳಿಯಲ್ಲಿ ಅದು ಸದ್ದಿಲ್ಲದೆ ಇಳಿದುಹೋದೀತು. ಬಯಲುಸೀಮೆಯ ಒಣಗಾಳಿಯಲ್ಲಿ ಬಟ್ಟೆಯ ಮೇಲೆ ಕೂಡಿಕೊಂಡು ಕಿಡಿಯಾಗಿ ಹಾರುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಯೂರೋಪಿನ ಬಟ್ಟೆ ಶುಚಿಮಾಡುವ ಕಾರ್ಖಾನೆಗಳಲ್ಲಿ, ಸುತ್ತಮುತ್ತ ದೀಪವಿಲ್ಲದಿದ್ದರೂ ಬೆಂಕಿಯೆದ್ದುದು ಹೀಗೆಯೇ.

ಪೆಟ್ರೋಲಿನ ಸೀಸೆಗೆ ಮನೆಯೊಳಗೆ ಜಾಗವಿಲ್ಲ, ಸ್ನಾನದ ಮನೆಯ ಮೂಲೆಯಲ್ಲಿಯೂ ಇಲ್ಲ. ಕಲೆಯ ಮೇಲೆ ಟಾಲ್ಕಂ ಪುಡಿಯನ್ನು ದಟ್ಟವಾಗಿ ಉದುರಿಸಿ ಒಂದು ರಾತ್ರಿ ಬಿಟ್ಟರೆ ಎಣ್ಣೆಯ ಬಹುಪಾಲನ್ನು ಅದೇ ಹೀರುತ್ತದೆ. ಆಮೇಲೂ ಉಳಿದುದನ್ನು ಡ್ರೈಕ್ಲೀನಿಂಗ್ ಅಂಗಡಿಯವರಿಗೆ ಒಪ್ಪಿಸಬಹುದು. ಆ ಖರ್ಚು ಸೀರೆಯ ಬೆಲೆಯ ಮುಂದೆ ಏನೂ ಅಲ್ಲ.