ರಟ್ಟಿನ ಪೆಟ್ಟಿಗೆಯೊಳಗಿನ ಖಿದ್ರಾಪುರ

ಕೊಲ್ಲಾಪುರವೆಂದರೆ ಮಹಾಲಕ್ಷ್ಮಿ, ಬೆಲ್ಲ, ಚಪ್ಪಲಿ, ಇಚಲಕರಂಜಿಯೆಂದರೆ ಮಗ್ಗ, ಗಡಹಿಂಗ್ಲಜವೆಂದರೆ ಹಿರಣ್ಯಕೇಶಿ. ಸಂತೆಗಾಗಿ, ನೆಂಟಸ್ತಿಕೆಗಾಗಿ ಈ ಮೂರೂ ಊರುಗಳನ್ನು ನಾವು ತಿರುಗಿದ್ದು ಎಷ್ಟು ಸಲವೋ! ಆದರೆ ಕಳೆದ ಚಳಿಗಾಲದಲ್ಲಿ ನಾವು ಹೊರಟದ್ದು ಒಂದು ರಟ್ಟಿನ ಪೆಟ್ಟಿಗೆಯ ಸಲುವಾಗಿ.

ನಮ್ಮ ಶಾಲೆಯ ಕಪಾಟಿನಲ್ಲಿ ಹಳೆಯ ಚಿತ್ರದರ್ಶಕವೊಂದಿದೆ. ಮುಂಬಯಿಯ ಗಿರಣಿಯಲ್ಲಿ ದುಡಿಯುತ್ತಿದ್ದ ಸೋದರಮಾವ ನಮ್ಮ ಬಾಲ್ಯದಲ್ಲಿ ತಂದುಕೊಟ್ಟದ್ದು. ಮಡಿಸಿದರೆ ಪುಸ್ತಕದಂತೆ ಚಪ್ಪಟೆ. ಬಿಡಿಸಿದರೆ ಎರಡು ಕಣ್ಣಿನ ಪೆಟ್ಟಿಗೆ. ಹೊರಗೆ ಮಾಸಿಹೋದ ಜಾಹೀರಾತು, ಒಳಗೆ ಪರದೇಶದ ಒಂದು ಸೇತುವೆ. ಎಡಗಣ್ಣು ಕಾಣುವ ಚಿತ್ರ ಒಂದು, ಬಲಗಣ್ಣು ಕಾಣುವ ಚಿತ್ರ ಇನ್ನೊಂದು. ಇವೆರಡರ ಅಲ್ಪ ಅಂತರವನ್ನು ಮಿದುಳು ಕೂಡಿಸಿಕೊಂಡಾಗ ಆಳ ಮೂಡುತ್ತದೆ. ಈ ತತ್ತ್ವವನ್ನು 1838ರಲ್ಲಿ ವಿವರಿಸಿದವರು ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟೋನ್. ಮುಂದೆ ಇದು ವ್ಯಾಪಾರಿಗಳ ಕೈ ಸೇರಿತು. ಬ್ರಿಟನ್ನಿನ ಕ್ಯಾವಂಡರ್ಸ್ ಕಂಪನಿಯು ಸಿಗರೇಟಿನ ಪಾಕೀಟಿನೊಳಗೆ ಜೋಡಿಚಿತ್ರಗಳನ್ನಿಟ್ಟು ಗಿರಾಕಿಗಳನ್ನು ಸೆಳೆಯಿತು. 1939ರಲ್ಲಿ ಅಮೆರಿಕದಲ್ಲಿ ಬಂದ ವ್ಯೂ-ಮಾಸ್ಟರ್ ಪ್ರವಾಸಿಗರ ನೆನಪಿನ ಕಾಣಿಕೆಯಾಯಿತು. ಅದರ ಒಂದು ಚಕ್ರದಲ್ಲಿ 14 ಚಿತ್ರ, ಅಂದರೆ 7 ನೋಟ.

ಸೇತುವೆಯನ್ನು ನೋಡಿ ಮುಗಿಸಿದ ಮಕ್ಕಳು, "ನಮ್ಮ ಕಡೀದು ಇದರಾಗ ಇಲ್ಲೇನ್ರಿ, ಗುರುಗಳೆ?" ಎಂದರು. ಶಾಲಾಮಾಸ್ತರರಾಗಿದ್ದ ಅಮೆರಿಕದ ಜೇಮ್ಸ್ ರಿಕಾಲ್ಟನ್ ಅವರು ಭಾರತವನ್ನೇ ಜೋಡಿಚಿತ್ರಗಳಲ್ಲಿ ಹಿಡಿದು, 1907ರಲ್ಲಿ ಅದಕ್ಕೊಂದು ಪುಸ್ತಕವನ್ನೂ ಬರೆದಿದ್ದರು. ಒಂದು ಗುಡಿಯಾದರೂ ನಮ್ಮಿಂದಾಗದೆ?

ಗಡಹಿಂಗ್ಲಜದ ಚಸ್ಮಾದ ಅಂಗಡಿಯಲ್ಲಿ ಸುಮಾರು 12 ಸೆಂಟಿಮೀಟರ್ ಸಂಗಮದೂರದ ಎರಡು ಪೀನ ಮಸೂರಗಳನ್ನು ಕೊಂಡೆವು. 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ಯಂತ್ರಮಗ್ಗ ಹೂಡಿದ ಇಚಲಕರಂಜಿಯಲ್ಲಿ ಬಟ್ಟೆಯ ವ್ಯಾಪಾರಿಯೊಬ್ಬರು ಗಟ್ಟಿ ರಟ್ಟನ್ನು ಹಣ ಪಡೆಯದೆ ಕೊಟ್ಟರು. ಅಲ್ಲಿಂದ ಮೂಡಣಕ್ಕೆ, ಕೃಷ್ಣೆಯ ದಡದ ಖಿದ್ರಾಪುರಕ್ಕೆ ಹೋದೆವು.

ಕೋಪೇಶ್ವರನ ಸ್ವರ್ಗಮಂಟಪದಲ್ಲಿ 48 ಕಂಬಗಳು. ನಡುವೆ ಆಕಾಶಕ್ಕೆ ತೆರೆದ ದುಂಡು ಗವಾಕ್ಷ. ಸಾದಾ ಭಾವಚಿತ್ರದಲ್ಲಿ ಕಂಬಕ್ಕೆ ಕಂಬ ಅಡ್ಡವಾಗಿ ಎಲ್ಲವೂ ಒಂದೇ ಗುಂಪಾಗಿ ತೋರುತ್ತವೆ. ಒಂದು ಚಿತ್ರ ತೆಗೆದು, ಕ್ಯಾಮೆರಾವನ್ನು ಎರಡು ಕಣ್ಣುಗಳ ಅಂತರದಷ್ಟು, ಅಂದರೆ ಆರೂವರೆ ಸೆಂಟಿಮೀಟರ್ ಬಲಕ್ಕೆ ಸರಿಸಿ ಇನ್ನೊಂದನ್ನು ತೆಗೆದೆವು. ಕಲ್ಲು ಅಲುಗದು, ಆದ್ದರಿಂದ ಒಂದೇ ಕ್ಯಾಮೆರಾ ಸಾಕಾಯಿತು. ಇಲ್ಲಿಯ ಶಾಸನಗಳಲ್ಲಿ ಹೆಚ್ಚಿನವು ಕನ್ನಡದವು. ಮಕ್ಕಳು ಗುರುತು ಸಿಕ್ಕ ಅಕ್ಷರಗಳನ್ನು ಬೆರಳಿಟ್ಟು ಓದಿದರು.

ಕೊಲ್ಲಾಪುರದಲ್ಲಿ ಚಿತ್ರಗಳನ್ನು ಅಚ್ಚು ಹಾಕಿಸಿದೆವು. ಬಾಬುರಾವ ಪೇಂಟರರು ಚಲನಚಿತ್ರದ ಕ್ಯಾಮೆರಾವನ್ನೇ ಕೈಯಾರೆ ಕಟ್ಟಿ, 1920ರಲ್ಲಿ 'ಸೈರಂಧ್ರಿ'ಯನ್ನು ತೆರೆಗೆ ತಂದ ಊರಿದು. ನಮ್ಮ ರಟ್ಟಿನ ಕೆಲಸಕ್ಕೆ ಆ ನೆನಪೇ ಧೈರ್ಯ. ರಂಕಾಳ ಕೆರೆಯ ದಂಡೆಯಲ್ಲಿ ಕುಳಿತು ಪೆಟ್ಟಿಗೆಯನ್ನು ಅಂಟಿಸಿದೆವು.

ಒಬ್ಬೊಬ್ಬರೇ ನೋಡಿ ಹೋ ಎಂದು ಕೂಗಿದರು. ಮೂರನೆಯ ಇಯತ್ತೆಯ ಒಬ್ಬ ಹುಡುಗಿ ಮಾತ್ರ ಬಹಳ ಹೊತ್ತು ನೋಡಿ, "ನನಗ ಕಂಬ ಎಲ್ಲಾ ಗ್ವಾಡಿಗಿ ಅಂಟಿಸಿದಂಗ ಅದಾವ್ರಿ" ಎಂದಳು. ಮಕ್ಕಳು ನಕ್ಕರು. ನಾವು ಅವಳ ಎಡಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದೆವು. ಬಲಗಣ್ಣಿಗೆ ಎದುರಿನ ಫಲಕದ ದೊಡ್ಡ ಅಕ್ಷರವೂ ಮಸುಕು! ಮೂರು ವರ್ಷ ಅವಳನ್ನು ಮುಂದಿನ ಸಾಲಿನಲ್ಲೇ ಕೂಡಿಸಿಕೊಂಡವರು ನಾವು, ಒಮ್ಮೆಯೂ ತಿಳಿದಿರಲಿಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಮಗು ದೂರುವುದೇ ಇಲ್ಲ. ಮಿದುಳು ಮಾತ್ರ ಇನ್ನೊಂದು ಕಣ್ಣಿನ ನೋಟವನ್ನು ಮೆಲ್ಲಗೆ ಕೈಬಿಡುತ್ತದೆ.

ಕಣ್ಣಿನ ವೈದ್ಯರು ಚಸ್ಮಾ ಕೊಟ್ಟು, ಒಳ್ಳೆಯ ಕಣ್ಣಿಗೆ ದಿನವೂ ಕೆಲವು ಗಂಟೆ ಪಟ್ಟಿ ಕಟ್ಟಲು ಹೇಳಿದರು. ಚಿಕಿತ್ಸೆ ಬೇಗ ಆದಷ್ಟೂ ಫಲ ಹೆಚ್ಚು ಎಂದೂ ತಿಳಿಸಿದರು. ಈಗ ಆ ಬಲಗಣ್ಣು ಹಲಗೆಯ ಮೇಲಿನ ಅಕ್ಷರವನ್ನು ಓದುತ್ತದೆ. ಕಂಬಗಳು ಗೋಡೆಯಿಂದ ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ. ಪ್ರತಿ ಶನಿವಾರ ಅವಳೇ ಬಂದು ಪೆಟ್ಟಿಗೆಯನ್ನು ಕೇಳಿ ಪಡೆಯುತ್ತಾಳೆ.

ವಾಚಕರಲ್ಲಿ ನಮ್ಮ ವಿನಂತಿ ಇಷ್ಟೇ: ಖಿದ್ರಾಪುರಕ್ಕೆ ಮಕ್ಕಳನ್ನು ಒಮ್ಮೆ ಕರೆದುಕೊಂಡು ಹೋಗಿರಿ, ಅದಕ್ಕೂ ಮೊದಲು ಅವರ ಕಣ್ಣುಗಳನ್ನು ಒಂದೊಂದಾಗಿ ಮುಚ್ಚಿ ನೋಡಿರಿ.