ಅಪ್ಪನ ಕಿವಿಗೊಂದು ಸ್ಪೀಕರ್

ಸ್ಪೀಕರಿನ ಡಬ್ಬದ ಮೇಲೆ "20 ರಿಂದ 20,000 ಹರ್ಟ್ಜ್" ಅಂತ ದೊಡ್ಡದಾಗಿ ಬರೆದಿರ್ತಾರಲ್ಲ, ಅದನ್ನ ನಂಬಿ ಕೊಳ್ಳೋದು ಜಾತಕ ನೋಡಿ ಹುಡುಗನ ಗುಣ ಹೇಳಿದ ಹಾಗೆ. ಆ ಅಂಕಿ ಮನುಷ್ಯನ ಕಿವಿಯ ವ್ಯಾಪ್ತಿ, ಅದೂ ಎಳೇ ಕಿವಿಯದ್ದು. ಅದರೊಳಗೆ ಯಾವ ಶಬ್ದ ಎಷ್ಟು ಏರುತ್ತೆ, ಯಾವುದು ಎಷ್ಟು ಇಳಿಯುತ್ತೆ ಅಂತ ಡೆಸಿಬೆಲ್ ಲೆಕ್ಕ ಕೊಡದೇ ಇದ್ರೆ ಅಂಕಿಗೆ ಅರ್ಥವೇ ಇಲ್ಲ. ಅಗ್ಗದ ಇಯರ್‌ಫೋನ್ ಡಬ್ಬದ ಮೇಲೂ ಅದೇ ಇರುತ್ತೆ, ಬೇಕಾದ್ರೆ ನೋಡಿ.

ನಾನು ಇಷ್ಟೆಲ್ಲ ತಲೆ ಕೆಡಿಸಿಕೊಂಡಿದ್ದು ಅಪ್ಪನಿಗೋಸ್ಕರ. ಅವರಿಗೀಗ 78. ದಿನಾ ಸಂಜೆ ಹಳೇ ಕಚೇರಿಗಳನ್ನ ಹಾಕ್ಕೊಂಡು ಕೂರ್ತಿದ್ದವರು ಎರಡು ವರ್ಷದಿಂದ ನಿಲ್ಲಿಸಿಬಿಟ್ಟಿದ್ರು. ಯಾಕೆ ಅಂದ್ರೆ, "ಎಲ್ಲಾರೂ ಸಾಹಿತ್ಯ ನುಂಗಿ ಹಾಡ್ತಾರೆ ಕಣೋ" ಅನ್ನೋರು. ಅಲ್ಲಾ, ಇಪ್ಪತ್ತು ವರ್ಷದಿಂದ ಕೇಳ್ತಿದ್ದ ಅದೇ ರೆಕಾರ್ಡಿಂಗು, ಹಾಡಿದವರೂ ತೀರಿಕೊಂಡಾಗಿದೆ. ಈಗ ಹೊಸದಾಗಿ ನುಂಗೋದು ಹೇಗೆ?

ಕಿವಿ ಪರೀಕ್ಷೆ ಮಾಡಿಸಿದ್ವಿ. ಗ್ರಾಫಿನ ಗೆರೆ ಬಲಗಡೆ ಹೋಗ್ತಾ ಜಾರುಬಂಡೆ ಥರ ಇಳಿದಿತ್ತು. ವಯಸ್ಸಾದ ಹಾಗೆ ಮೊದಲು ಮಂಕಾಗೋದು ಹೆಚ್ಚು ಕಂಪನದ ಶಬ್ದಗಳು. ಸ, ಶ, ತ ಇಂಥ ವ್ಯಂಜನಗಳ ಗುರುತು ಬಹುಪಾಲು ಇರೋದೂ ಅಲ್ಲೇ, 2,000 ಹರ್ಟ್ಜ್‌ನಿಂದ ಮೇಲಕ್ಕೆ. ಅಂದ್ರೆ ಅಪ್ಪನಿಗೆ ರಾಗ ಉಳಿದಿತ್ತು, ಮಾತು ಹೋಗಿತ್ತು.

ಹಿಯರಿಂಗ್ ಏಡ್ ಬಂತು. ಮಾತಾಡೋವಾಗ ಹಾಕ್ಕೋತಾರೆ, ಸಂಗೀತಕ್ಕೆ ಮಾತ್ರ ತೆಗೆದಿಡ್ತಾರೆ. ತಂಬೂರಿ ನಾದ ತಗಡು ಬಡಿದ ಹಾಗೆ ಕೇಳುತ್ತಂತೆ. ಹೆಡ್‌ಫೋನ್ ಕೊಟ್ಟರೆ ಅದೂ ಬೇಡ, ಅಮ್ಮ ಒಳಗಿಂದ ಕೂಗಿದ್ದು ಕೇಳಲ್ಲ ಅಂತ. (ಕೇಳಿದರೆ ಮಾತ್ರ ಏಳ್ತಾರಾ ಅನ್ನೋದು ಅಮ್ಮನ ಪ್ರಶ್ನೆ!) ಕೊನೆಗೆ ಉಳಿದಿದ್ದು ಸ್ಪೀಕರ್ರೇ.

ಅಂಗಡಿಯಲ್ಲಿ ಹುಡುಗ ಹಾಕಿದ್ದು ಎದೆ ನಡುಗೋ ಅಂಥ ದುಂ ದುಂ. "ಬೇಸ್ ನೋಡಿ ಸಾರ್!" ನಮಗೆ ಬೇಡವಾಗಿದ್ದೇ ಅದು. ತಗ್ಗಿನ ಶಬ್ದ ಜೋರಾದ್ರೆ ತನಗಿಂತ ಮೇಲಿನ ಶಬ್ದಗಳನ್ನ ಮುಚ್ಚಿಹಾಕುತ್ತೆ, ಉಲ್ಟಾ ಅಷ್ಟಾಗಿ ಆಗಲ್ಲ. ಮೃದಂಗದ ಎಡಗೈ ಉಬ್ಬಿದಷ್ಟೂ ಸಾಹಿತ್ಯ ಮುಳುಗುತ್ತೆ.

ಅದಕ್ಕೇ ಪರೀಕ್ಷೆ ಮನೆಯಲ್ಲೇ ಮಾಡಿದ್ವಿ. ಗೆಳೆಯರೊಬ್ಬರ ಸಬ್‌ವೂಫರ್ ಸೆಟ್ಟು, ನನ್ನ ಹಳೇ ಪುಟಾಣಿ ಬುಕ್‌ಶೆಲ್ಫ್ ಜೋಡಿ. ಮೊದಲ ಕೆಲಸ, ಎರಡರ ವಾಲ್ಯೂಮ್ ಒಂದೇ ಮಟ್ಟಕ್ಕೆ ತರೋದು. ಸ್ವಲ್ಪವೇ ಜೋರಾಗಿದ್ದರೂ ಕಿವಿ ಅದನ್ನೇ "ಚೆನ್ನಾಗಿದೆ" ಅಂದುಬಿಡುತ್ತೆ. ಮೊಬೈಲಿನ ಶಬ್ದ ಅಳೆಯೋ ಆ್ಯಪ್ ಇದಕ್ಕೆ ಸಾಕು. ಎರಡನೇದು, ಮುಂದೆ ಅಪ್ಪನ ಪಂಚೆ ಕಟ್ಟಿ ಮರೆ ಮಾಡಿದ್ದು. ತಮಾಷೆಯಲ್ಲ ಕಣ್ರೀ, ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ 1994ರಲ್ಲಿ ತೋರಿಸಿದ್ದೂ ಇದನ್ನೇ: ಸ್ಪೀಕರ್ ಕಣ್ಣಿಗೆ ಕಂಡರೆ ಜನ ಕೊಡೋ ಅಂಕವೇ ಬದಲಾಗುತ್ತೆ. ಮೂರನೇದಾಗಿ, ಹಾಡಿಗೆ ಮೊದಲು ಅಮ್ಮ ಪತ್ರಿಕೆ ಓದಿದ್ದನ್ನ ರೆಕಾರ್ಡ್ ಮಾಡಿ ಕೇಳಿಸಿದೆ. ಗಾಯಕರ ನಿಜವಾದ ದನಿ ಹೇಗಿತ್ತೋ ನಮಗೇನು ಗೊತ್ತು? ಅಮ್ಮನ ದನಿ ಗೊತ್ತು. ಸಬ್‌ವೂಫರಿನಲ್ಲಿ ಅಮ್ಮನಿಗೆ ನೆಗಡಿ ಆಗಿತ್ತು :)

ಅಪ್ಪ ಮೂರು ಸಲವೂ ಆರಿಸಿದ್ದು ಪುಟಾಣಿಯನ್ನೇ. ಆಮೇಲೆ ಅದನ್ನ ಬೀರು ಮೇಲಿಂದ ಇಳಿಸಿ, ಮೂಲೆಯಿಂದ ಈಚೆಗೆ ತಂದು, ಅವರ ಕಿವಿ ಎತ್ತರಕ್ಕೆ ಸ್ಟೂಲಿನ ಮೇಲಿಟ್ಟೆ. ಮೂಲೆ ಬೇಸನ್ನ ಉಬ್ಬಿಸುತ್ತೆ. ಮೇಲಿನ ಶಬ್ದಗಳು ಟಾರ್ಚಿನ ಬೆಳಕಿನ ಹಾಗೆ ನೇರ ಹೋಗ್ತವೆ, ಮುಖಕ್ಕೆ ತಿರುಗಿಸದಿದ್ರೆ ಸಿಗಲ್ಲ. ನಿಜ ಹೇಳಬೇಕಂದ್ರೆ ಸ್ಪೀಕರಿಗಿಂತ ಆ ಸ್ಟೂಲಿನದ್ದೇ ಉಪಕಾರ ಜಾಸ್ತಿ, ಅದೂ ಬಿಟ್ಟಿ.

ಮೋರ್ಚಿಂಗಿನ ಝೇಂಕಾರದ ಮೇಲ್ತುದಿ ಅವರಿಗೆ ಇನ್ನೂ ಕೇಳಲ್ಲ. ಅದನ್ನ ಯಾವ ಸ್ಪೀಕರೂ ವಾಪಸ್ ತರಲಾರದು. ಆದ್ರೆ ಕಳೆದ ವಾರ ಚರಣದ ಮಧ್ಯದಲ್ಲಿ ಒಮ್ಮೆಲೇ ಕೂಗಿದ್ರು, "ಲೋ, ಇವರು ಇಲ್ಲೊಂದು ಅಕ್ಷರ ತಪ್ಪು ಹಾಡಿದ್ದಾರೆ, ಬಾ ಇಲ್ಲಿ!" ಹಿಂದಕ್ಕೆ ತಿರುಗಿಸಿ ಎರಡು ಸಲ ಕೇಳಿದೆ. ಹೌದು, ತಪ್ಪೇ.