ಒಂದೇ ಸಲ ಕೇಳಿಸುತ್ತೆ

ಫೋಟೊ 1: ಮಡಚಿಟ್ಟ ಕೌದಿ, ಮೇಲೆ ನನ್ನ ಇಯರ್‌ಫೋನು

ಈ ಯುಗಾದಿಗೆ ನನ್ನ ವರ್ಷದ ಲೆಕ್ಕ ಕೊಡ್ತೀನಿ ಅಂದಿದ್ದೆ. ಕೊಡ್ತೀನಿ. ಅದಕ್ಕೂ ಮೊದಲು ಒಂದು ಸುಳ್ಳನ್ನ ಸರಿ ಮಾಡಬೇಕು.

ಡಿಸೆಂಬರಿನಲ್ಲಿ ಇಲ್ಲೇ ಒಂದು ಫೋಟೊ ಹಾಕಿದ್ದೆ, ನೆನಪಿದೆಯಾ? ಬೆಂಗಳೂರಿನಲ್ಲಿ ಹಾಲ್ ಟಿಕೆಟ್ ಹಿಡಕೊಂಡು, ಹಲ್ಲು ಕಿಸಿದು ನಿಂತದ್ದು. "ಜಪಾನೀಸ್ ಎನ್5 ಮುಗೀತು!" ಅಂತ ಬರೆದಿದ್ದೆ. ಪರೀಕ್ಷೆ ಮುಗಿದದ್ದು ನಿಜ. ನೀವೆಲ್ಲ ಪಾಸೇ ಆದೆ ಅನ್ನೋ ಥರ ಅಭಿನಂದನೆ ಹೇಳಿದ್ರಿ, ನಾನೂ ಸುಮ್ಮನೆ ತಗೊಂಡೆ. ಜನವರಿ ಕೊನೆಗೆ ರಿಸಲ್ಟ್ ಬಂತು. ಕ್ಯಾಂಟೀನಿನಲ್ಲಿ ಮೂರು ಜನ ಕೇಳಿದ್ರಿ. "ಇನ್ನೂ ಬಂದಿಲ್ಲ" ಅಂದೆ.

ಬಂದಿತ್ತು. ಫೇಲಾಗಿದ್ದೆ.

ಆ ಮೂವರಲ್ಲಿ ಒಬ್ಬಳು ನನಗೋಸ್ಕರ ಹುಲಿಗೆಮ್ಮನಿಗೆ ಕಾಯಿ ಒಡೆಸಿದ್ದಳಂತೆ. ಗೆಳತಿ, ತಪ್ಪಾಯ್ತು. ಇದನ್ನ ನಿನಗೆ ಎದುರಿಗೇ ಹೇಳಬೇಕಿತ್ತು. ಧೈರ್ಯ ಬರಲಿಲ್ಲ.

ಫೋಟೊ 2: ನೋಟ್‌ಬುಕ್ಕಿನ ಮೊದಲ ಪುಟ

ಹೋದ ಯುಗಾದಿ ಮರುದಿನ ಆನ್‌ಲೈನ್ ಕ್ಲಾಸ್ ಸೇರಿದೆ. ವಾರಕ್ಕೆ ಎರಡು ಸಂಜೆ. ಹಿರಗಾನ 46, ಕಟಕಾನ 46, ಆಮೇಲೆ ಕಾಂಜಿ. ಮೊದಲ ತಿಂಗಳು ಎಲ್ಲವನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರಕೊಳ್ತಿದ್ದೆ, ಮನಸ್ಸಿನಲ್ಲಿ ಮೊದಲು ಇಂಗ್ಲಿಷ್ ವಾಕ್ಯ ಮಾಡಿ ಆಮೇಲೆ ಅದನ್ನ ಜಪಾನೀಸಿಗೆ ತಿರುಗಿಸ್ತಿದ್ದೆ. ತಲೆ ಕೆಟ್ಟು ಹೋಗ್ತಿತ್ತು.

ಒಂದು ದಿನ ಸೆನ್ಸೆಯ್ ಬೋರ್ಡ್ ಮೇಲೆ "ತಬೆತೆ ಮಿರು" ಅಂತ ಬರೆದು ಇಂಗ್ಲಿಷಿನಲ್ಲಿ ಉದ್ದಕ್ಕೆ ವಿವರಿಸ್ತಿದ್ರು. ತಬೆತೆ ಅಂದ್ರೆ ತಿಂದು. ಮಿರು ಅಂದ್ರೆ ನೋಡು. ತಿಂದು ನೋಡು! ಇದಕ್ಕೆ ವಿವರಣೆ ಯಾಕೆ ಬೇಕು? ನಮ್ಮ ಮನೇಲಿ ದಿನಾ ಹತ್ತು ಸಲ ಹೇಳೋ ಮಾತು.

ಅವತ್ತಿಂದ ಇಂಗ್ಲಿಷನ್ನ ನಡುವಿನಿಂದ ತೆಗೆದೆ. ಕನ್ನಡದ ಥರಾನೇ ಅಲ್ಲೂ ಕ್ರಿಯಾಪದ ಕೊನೆಗೆ ಬರುತ್ತೆ. ನಮ್ಮ "ಅನ್ನು, ಇಗೆ, ಅಲ್ಲಿ" ಹೆಸರಿನ ಹಿಂದೆ ಅಂಟೋ ಹಾಗೆ ಅವರ "ಓ, ನಿ, ದೆ" ಕೂಡ ಹಿಂದೇನೇ ಬರುತ್ತೆ. "ಬರ್ತೀನಿ ಅಂತ ಹೇಳಿದ" ಅನ್ನೋದರ "ಅಂತ" ಇದೆಯಲ್ಲ, ಅದೇ ಜಾಗದಲ್ಲಿ ಅವರ "ತೊ" ಕೂತಿದೆ. ಧಾರವಾಡದ ಜಿಟಿಜಿಟಿ ಮಳೆಗೆ ಅವರು "ಶಿತೊಶಿತೊ" ಅಂತಾರೆ. ಹಾಗಂತ ಎರಡೂ ಅಕ್ಕ ತಂಗಿ ಭಾಷೆ ಅಂತ ನಾನು ಹೇಳ್ತಿಲ್ಲ. ವಾಕ್ಯ ಕಟ್ಟೋ ರೀತಿ ಹತ್ತಿರ ಇದೆ, ಅಷ್ಟೆ. ಕಲಿಯೋರಿಗೆ ಅಷ್ಟು ಸಾಕು.

ನನಗೆ ಅತಿ ಇಷ್ಟ ಆದದ್ದು ಮನೆಯಿಂದ ಹೊರಡುವಾಗ ಅವರು ಹೇಳೋ ಮಾತು. "ಇತ್ತೆಕಿಮಾಸು." ಅಂದ್ರೆ ಹೋಗಿ ಬರ್ತೀನಿ. ಒಳಗಿದ್ದವರು "ಇತ್ತೆರಾಶ್ಶಾಯ್" ಅಂತಾರೆ. ಹೋಗಿ ಬಾ. ಬರೀ "ಹೋಗ್ತೀನಿ" ಅನ್ನಬಾರದು ಅಂತ ನಮಗೆ ಚಿಕ್ಕಂದಿನಲ್ಲಿ ಬೈತಿದ್ದರಲ್ಲ, ಅಷ್ಟು ದೂರದ ದೇಶದಲ್ಲೂ ಮಕ್ಕಳು ಹೊಸ್ತಿಲ ಮೇಲೆ ನಿಂತು ಅದನ್ನೇ ಹೇಳಿ ಹೊರಡ್ತಾರೆ.

ಫೋಟೊ 3: ಆಯಿಯ ಕೈ, ಬೆರಳಿಗೆ ಸುತ್ತಿದ ಬಟ್ಟೆ

ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ. ನಮ್ಮವ್ವನ ಅವ್ವ, ನವಲಗುಂದದ ಹತ್ತಿರದ ಹಳ್ಳಿಯವರು. ಮೇ ತಿಂಗಳಲ್ಲಿ ಕಣ್ಣಿನ ಪೊರೆ ಆಪರೇಷನ್ನಿಗೆ ಧಾರವಾಡಕ್ಕೆ ಬಂದವರು ನಮ್ಮ ಮನೇಲೇ ಉಳಿದರು. ಬರುವಾಗ ಒಂದು ದೊಡ್ಡ ಗಂಟು ತಂದಿದ್ದರು. ಎಲ್ಲ ಹಳೆ ಬಟ್ಟೆ.

ಕಣ್ಣು ಸರಿ ಹೋದ ಮೇಲೆ ಒಂದು ದಿನ ಕೇಳಿದರು, "ನೀ ಕಲಿಯಾಕತ್ತಿದ್ದು ಯಾವ ಊರ ಮಾತವಾ?"

"ಜಪಾನು."

"ಅಲ್ಲಿ ಥಂಡಿ ಭಾಳ ಇರತೈತೇನ?"

"ಬರ್ಫ ಬೀಳತೈತಿ ಆಯಿ."

"ಹಂಗಾರ ದಪ್ಪಂದ ಹೊಲಿಯೂಣು."

ಹೀಗೆ ನನ್ನ ಕೌದಿ ಶುರುವಾಯ್ತು. ಪಾಸ್‌ಪೋರ್ಟ್ ಕೂಡ ಇಲ್ಲದವಳಿಗೆ ಹೊದಿಕೆ ತಯಾರಾಗ್ತಿತ್ತು.

ಕೌದಿ ನೋಡದವರಿಗೆ ಹೇಳ್ತೀನಿ. ಹಳೆ ಸೀರೆ, ಧೋತರ ಎರಡು ಮೂರು ಪದರ ನೆಲದ ಮೇಲೆ ಹಾಸಿ, ಸುಕ್ಕು ಬಿಡಿಸಿ, ಮೂಲೆಗೆ ಕಲ್ಲು ಇಡೋದು. ಮೇಲೆ ಬಣ್ಣದ ತುಂಡು ಜೋಡಿಸೋದು. ಆಮೇಲೆ ದಪ್ಪ ಸೂಜಿಯಲ್ಲಿ ಅಂಚಿನಿಂದ ಒಳಗೆ ಸಾಲು ಸಾಲಾಗಿ ಹೊಲಿಯೋದು. ಹೊಸ ಬಟ್ಟೆ ಆಗಲ್ಲ, ಬಿರುಸು. ಉಟ್ಟು ತೊಳೆದು ಮೆತ್ತಗಾದದ್ದೇ ಬೇಕು. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯ ನಾಲ್ಕೂ ಮೂಲೆಗೆ ಬಟ್ಟೆಯನ್ನ ತ್ರಿಕೋನವಾಗಿ ಮಡಚಿ "ಫುಲ" ಅಂತ ಇಡ್ತಾರೆ. ನಮ್ಮ ಆಯಿಯದು ಸಾದಾ ಕೌದಿ, ಉದ್ದಕ್ಕೆ ಒಂಬತ್ತು ಚೌಕ, ಅಗಲಕ್ಕೆ ಏಳು. ಒಟ್ಟು 63 ತುಂಡು.

ಸೂಜಿಗೆ ದಾರ ಪೋಣಿಸೋದು ನನ್ನ ಕೆಲಸ. ಒಂದು ವಾರದಲ್ಲಿ ನಾನೂ ಹೊಲಿಯೋಕೆ ಕೂತೆ. ಜುಲೈ ಮಳೇಲಿ ಮೊಬೈಲಿನಲ್ಲಿ ಸಾಶಿಕೊ ತೋರಿಸಿದೆ. ಕಡುನೀಲಿ ಬಟ್ಟೆ, ಬಿಳಿ ದಾರ, ಸಣ್ಣ ಸಣ್ಣ ಹೊಲಿಗೆ. ಜಪಾನಿನ ಉತ್ತರದ ಕಡೆ ಚಳಿಗೆ ಹತ್ತಿ ಬೆಳೀತಿರಲಿಲ್ಲ. ಬಡ ರೈತರ ಮನೆಯ ಹೆಂಗಸರು ತೆಳ್ಳನೆ ನಾರಿನ ಬಟ್ಟೆಗೆ ಹೀಗೆ ದಾರ ತುಂಬಿ ತುಂಬಿ ಬೆಚ್ಚಗೆ ಮಾಡ್ತಿದ್ದರು. ಆಯಿ ಕನ್ನಡಕ ಮೇಲೆತ್ತಿ ನೋಡಿ, "ಇದು ನಮ್ಮ ಕೌದಿ ಹೊಲಿಗೀನ ಅಲ್ಲೇನ? ಬಡವರ ಕೈ ಎಲ್ಲಾ ಕಡೆ ಒಂದಾ" ಅಂದರು.

ಫೋಟೊ 4: ಓದಿದ ಪುಸ್ತಕಗಳ ಸಾಲು, ಸಣ್ಣದೇ

ಓದಿನ ಲೆಕ್ಕವನ್ನೂ ಪ್ರಾಮಾಣಿಕವಾಗಿ ಹೇಳ್ತೀನಿ. ಗುರಿ 24, ಓದಿದ್ದು 11. ಹೋದ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದಕ್ಕೆ ಅಂತಾರಾಷ್ಟ್ರೀಯ ಬುಕರ್ ಬಂದಾಗ ನಾವೆಲ್ಲ ಸ್ಟೋರಿ ಹಾಕಿದ್ವಿ. ಹಾಕಿದ ಮೇಲೆ ನಾಚಿಕೆ ಆಯ್ತು. ಅವರ ಒಂದು ಕಥೆಯನ್ನೂ ನಾನು ಕನ್ನಡದಲ್ಲಿ ಓದಿರಲಿಲ್ಲ. ಲೈಬ್ರರಿಯಿಂದ ತಂದು ಓದಿದೆ, ನಿಧಾನಕ್ಕೆ. ಇಂಗ್ಲಿಷ್ ಮೀಡಿಯಮ್ಮಿನವರಿಗೆ ಕನ್ನಡ ಪುಟ ಎಷ್ಟು ನಿಧಾನ ಅಂತ ನಿಮಗೂ ಗೊತ್ತು. ಐದನೇ ಪುಸ್ತಕದ ಹೊತ್ತಿಗೆ ತುಟಿ ಅಲ್ಲಾಡಿಸದೆ ಓದೋಕೆ ಬಂತು.

ಆಗಸ್ಟಿನಲ್ಲಿ "ತೊತ್ತೊ-ಚಾನ್" ಕನ್ನಡದಲ್ಲಿ ಓದಿದೆ. ತೆತ್ಸುಕೊ ಕುರೊಯಾನಾಗಿ ತಮ್ಮ ಬಾಲ್ಯದ ಬಗ್ಗೆ ಬರೆದದ್ದು, ಜಪಾನಿನಲ್ಲಿ 1981ರಲ್ಲಿ ಬಂದ ಪುಸ್ತಕ. ಹಳೆ ರೈಲು ಡಬ್ಬಿಗಳೇ ಕ್ಲಾಸ್‌ರೂಮ್ ಆಗಿದ್ದ ತೊಮೊಯೆ ಶಾಲೆ. ಮೊದಲ ದಿನ ಮುಖ್ಯೋಪಾಧ್ಯಾಯ ಕೊಬಾಯಾಶಿ ಆ ಪುಟ್ಟ ಹುಡುಗಿಯ ಮಾತನ್ನ ನಾಲ್ಕು ಗಂಟೆ ಕೇಳ್ತಾರೆ. ಆಕಳಿಸದೆ, ನಡುವೆ ಏಳದೆ. ಆ ಪುಟವನ್ನ ಪೆನ್ಸಿಲಿನಿಂದ ಗುರುತು ಮಾಡಿ, ಫೋಟೊ ತೆಗೆದು ಇಲ್ಲಿ ಹಾಕಿದ್ದೆ. ನಿಮಗೆಲ್ಲ ಭಾಳ ಇಷ್ಟ ಆಗಿತ್ತು.

ಅವತ್ತು ಸಂಜೆ ನಾನು ಕಿವಿಗೆ ಇಯರ್‌ಫೋನ್ ಹಾಕೊಂಡು ಆಯಿ ಪಕ್ಕ ಕೂತು ಕೌದಿ ಹೊಲೀತಿದ್ದೆ.

ಫೋಟೊ 5: ಮಾರ್ಕ್ಸ್ ಕಾರ್ಡು (ಹೆಸರಿಗೆ ಬಟ್ಟೆ ಮುಚ್ಚಿದೆ)

ಎನ್5ಗೆ ಒಟ್ಟು 180. ಪಾಸಾಗೋಕೆ 80 ಬೇಕು. ನನಗೆ 86 ಬಂತು.

ಹೌದು, 86. ಹಾಗಾದ್ರೆ ಫೇಲ್ ಹೇಗೆ ಅಂತೀರಾ? ಒಟ್ಟು ಮಾರ್ಕ್ಸ್ ಜೊತೆ ಎರಡು ಭಾಗದಲ್ಲೂ ಕನಿಷ್ಠ ಇಷ್ಟು ಅಂತ ಬರಲೇಬೇಕು. ಪದ, ವ್ಯಾಕರಣ, ಓದು ಸೇರಿ 120ಕ್ಕೆ 38. ನನಗೆ 69 ಇತ್ತು. ಕೇಳುವ ಭಾಗದಲ್ಲಿ 60ಕ್ಕೆ 19. ನನಗೆ ಬಂದದ್ದು 17.

ಎರಡು ಮಾರ್ಕ್ಸು. ಕೇಳೋದರಲ್ಲಿ.

ನಂಬೋಕೆ ಆಗಲಿಲ್ಲ. ದಿನಾ ಒಂದೂವರೆ ಗಂಟೆ ಜಪಾನೀಸ್ ಆಡಿಯೊ ಕೇಳ್ತಿದ್ದೆನಲ್ಲ! ಬಸ್ಸಿನಲ್ಲಿ, ಪಾತ್ರೆ ತೊಳೆಯುವಾಗ, ಕೌದಿ ಹೊಲಿಯುವಾಗ. ಆ ರಾತ್ರಿ ಕೂತು ಯೋಚಿಸಿದೆ. ಅಷ್ಟೂ ಹೊತ್ತು ಅದು ಕಿವಿಗೆ ಬೀಳ್ತಿತ್ತು, ನಾನು ಕೇಳ್ತಿರಲಿಲ್ಲ. ತಪ್ಪಿದರೆ ಹಿಂದಕ್ಕೆ ಎಳೆದುಕೊಳ್ಳಬಹುದು ಅನ್ನೋ ಧೈರ್ಯ ಬೇರೆ. ಪರೀಕ್ಷೆಯಲ್ಲಿ ಹಾಗಿಲ್ಲ. ಆಡಿಯೊ ಒಂದೇ ಸಲ ಕೇಳಿಸುತ್ತೆ. "ಒಬಸಾನ್" ಅಂದ್ರೆ ಅತ್ತೆ, ಚಿಕ್ಕಮ್ಮ. "ಒಬಾಸಾನ್" ಅಂದ್ರೆ ಅಜ್ಜಿ. ನಡುವೆ ಒಂದು ದೀರ್ಘ, ಅಷ್ಟೆ. ಹ್ರಸ್ವ ದೀರ್ಘ ಇರೋ ಭಾಷೇಲಿ ಹುಟ್ಟಿದ ನಾನು ಅದನ್ನೂ ತಪ್ಪಿಸಿದ್ದೆ ಅಂದ್ರೆ, ತೊಂದರೆ ಕಿವಿಯದಲ್ಲ.

ಫೋಟೊ 6: ನೀಲಿ ತುಂಡು

ಫೇಲಾದದ್ದನ್ನ ಈಗ ಇಷ್ಟು ಸಲೀಸಾಗಿ ಬರೀತಿದ್ದೀನಿ. ಅದು ಮತ್ತೆ ಕಟ್ಟಬಹುದಾದ ಪರೀಕ್ಷೆ. ಕಷ್ಟ ಇರೋದು ಇದನ್ನ ಹೇಳೋಕೆ.

ಆಯಿ ಒಂದೊಂದು ತುಂಡು ಇಡುವಾಗಲೂ ಅದು ಯಾರದು ಅಂತ ಹೇಳ್ತಿದ್ದರು. ನಾನು "ಹೂಂ" ಅಂತಿದ್ದೆ. ಕಿವೀಲಿ ಬೇರೆ ಯಾರೋ ಟೋಕಿಯೊದಲ್ಲಿ ರೈಲಿನ ಸಮಯ ಕೇಳ್ತಿದ್ದರು.

ಫೆಬ್ರವರಿಯಲ್ಲಿ ಒಂದು ಸಂಜೆ ಇಯರ್‌ಫೋನ್ ಇಲ್ಲದೆ ಕೂತೆ. ಪೆನ್ನು, ಪುಸ್ತಕ ತಗೊಂಡು ಮೊದಲ ಚೌಕದಿಂದ ಕೇಳುತ್ತಾ ಹೋದೆ. ಇಳಕಲ್ ಸೀರೆಯ ಕೆಂಪು ಸೆರಗು ಆಯಿಯ ಮದುವೆಯದು. ಗುಳೇದಗುಡ್ಡದ ಖಣ ಅವರ ತಂಗಿಯ ಕುಪ್ಪಸದ್ದು. ಹಸಿರು ಗೆರೆಯದು ನಮ್ಮವ್ವ ಸಾಲಿಗೆ ಹೋಗುವಾಗ ಹೊಲಿಸಿದ ಲಂಗ. ಒಳಗಿನ ಪದರ ಅಜ್ಜನ ಧೋತರ, ಅದು ಹೊರಗೆ ಕಾಣಲ್ಲ.

ನಾಲ್ಕನೇ ಸಾಲಿನಲ್ಲಿ ಒಂದು ನೀಲಿ ತುಂಡು. ಮೇಲೆ ಸಾಸಿವೆಯಷ್ಟು ಸಣ್ಣ ಬಿಳಿ ಹೂ. "ಇದು ಯಾರದು ಆಯಿ?"

ಬೆರಳಿನಿಂದ ಸವರಿದರು. ಮತ್ತೆ ಸವರಿದರು. "ಹೇಳಿದ್ನೆಲ್ಲವಾ ಆವಾಗ."

"ಮರತೇನಿ. ಇನ್ನೊಮ್ಮೆ ಹೇಳು."

ಬಹಳ ಹೊತ್ತು ಸುಮ್ಮನಿದ್ದರು. "ಈಗ ನನಗ ನೆನಪ ಆಗವಲ್ದು. ಯಾರೋ ಭಾಳ ಬೇಕಾದವರ್ದು ಇತ್ತು."

ಆಯಿಗೆ ನೆನಪು ಹಿಂದುಮುಂದಾಗ್ತಿದೆ ಅಂತ ಅವ್ವ ದೀಪಾವಳಿ ಹೊತ್ತಿಗೇ ಹೇಳಿದ್ದಳು. ಅದನ್ನೂ ನಾನು "ಹೂಂ" ಅಂತಲೇ ಕೇಳಿದ್ದೆ.

ಒಂದು ತಿಂಗಳು ದಿನಾ ಕೂತು ಕೇಳಿದೆ. ಸೋದರಮಾವನಿಗೆ ಫೋನ್ ಹಚ್ಚಿ ಕೇಳಿದೆ. 63ರಲ್ಲಿ 41 ಸಿಕ್ಕವು. 22 ಸಿಗಲಿಲ್ಲ. ನೀಲಿಯದು ಮಾವನಿಗೂ ಗೊತ್ತಿಲ್ಲ. ಜುಲೈನಲ್ಲಿ ಅದು ಯಾರದು ಅಂತ ಆಯಿ ನನ್ನ ಪಕ್ಕದಲ್ಲೇ ಕೂತು, ನನ್ನ ಕಡೆ ನೋಡಿ, ಹೆಸರು ಹಿಡಿದು ಹೇಳಿದ್ದರು. ಅದನ್ನ ಕೇಳಿಸಿಕೊಳ್ಳಬೇಕಿದ್ದವಳು ನಾನೊಬ್ಬಳೇ.

ಫೋಟೊ 7: ಕೊನೆಯ ಮೂಲೆ

ಈಗ ಏನು ಮಾಡ್ತಿದ್ದೀನಿ ಅಂತ ಹೇಳಿ ಮುಗಿಸ್ತೀನಿ, ಭಾಷೆ ಕಲಿಯೋರಿಗೆ ಉಪಯೋಗ ಆಗಬಹುದು. ದಿನಕ್ಕೆ ಹತ್ತೇ ನಿಮಿಷ ಕೇಳ್ತೀನಿ. ಆಗ ಕೈಗೆ ಬೇರೆ ಕೆಲಸ ಇಲ್ಲ. ಒಂದು ವಾಕ್ಯ, ಒಂದು ಸಲ. ಕೇಳಿದ್ದನ್ನ ಕನ್ನಡ ಅಕ್ಷರದಲ್ಲಿ ಬರೀತೀನಿ, ಹ್ರಸ್ವ ದೀರ್ಘ ಸಮೇತ. ನಮ್ಮ ಲಿಪಿ ಇದಕ್ಕೆ ಇಂಗ್ಲಿಷ್ ಅಕ್ಷರಕ್ಕಿಂತ ಎಷ್ಟೋ ವಾಸಿ. ಆಮೇಲೆ ಪುಸ್ತಕ ತೆಗೆದು ತಾಳೆ ನೋಡ್ತೀನಿ. ಮೊದಲ ವಾರ ಹತ್ತರಲ್ಲಿ ಮೂರು ಸರಿ ಇರ್ತಿತ್ತು, ಈಗ ಏಳು. ಪರೀಕ್ಷೆ ಮತ್ತೆ ಕಟ್ಟಿ ಬರೀತೀನಿ. ಈ ಸಲ ರಿಸಲ್ಟ್ ಏನೇ ಬರಲಿ, ಬಂದ ದಿನವೇ ನಿಮಗೆ ಹೇಳ್ತೀನಿ.

ಯುಗಾದಿ ದಿನ ಕೌದಿಯ ಕೊನೆಯ ಮೂಲೆ ಉಳಿದಿತ್ತು. ಆಯಿ ಹೋಳಿಗೆಯ ಒಂದು ಚೂರು ಮುರಿದು ಆ ಸಂದಿನೊಳಗೆ ಇಟ್ಟರು. "ಕೌದಿ ಹಸದಿರಬಾರದು" ಅಂದರು. ಆಮೇಲೆ ಸೂಜಿ ನನ್ನ ಕೈಗೆ ಕೊಟ್ಟರು. ಮೂಲೆ ಮುಚ್ಚಿದೆ. ನನ್ನ ಹೊಲಿಗೆ ಸೊಟ್ಟ ಇದೆ, ಫೋಟೊದಲ್ಲಿ ಕಾಣುತ್ತೆ ನೋಡಿ.

ಮೊನ್ನೆ ಮಾವ ಬಂದು ಆಯಿಯನ್ನ ಊರಿಗೆ ಕರಕೊಂಡು ಹೋದರು. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯೊಳಗಿಂದ "ಹೋಗಿ ಬರ್ತೀನವಾ" ಅಂದರು.

"ಇತ್ತೆರಾಶ್ಶಾಯ್" ಅಂದೆ.

"ಏನಂದಿ?"

"ಹೋಗಿ ಬಾ ಅಂದೆ ಆಯಿ."

"ಹಂಗಂತ ಕನ್ನಡದಾಗ ಹೇಳ. ಬಸ್ಸಿನ ಸಪ್ಪಳದಾಗ ಕೇಳಸೂದಿಲ್ಲ."

ಜೋರಾಗಿ ಹೇಳಿದೆ. ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ನಿಮ್ಮ ಮನೆಯ ಟ್ರಂಕಿನಲ್ಲೂ ಒಂದು ಹಳೆ ಬಟ್ಟೆ ಇರುತ್ತೆ. ಇವತ್ತು ಸಂಜೆ ಅದು ಯಾರದು ಅಂತ ಕೇಳಿ. ಮೊಬೈಲ್ ಬೇರೆ ಕೋಣೇಲಿಟ್ಟು ಕೇಳಿ. ಆಮೇಲೆ ಬರೆದಿಡಿ.

#ಕೌದಿ #ವರ್ಷದಲೆಕ್ಕ #ಭಾಷೆಕಲಿಕೆ #ನಮ್ಮಆಯಿ